ಹೊತ್ತು ಮುಳುಗುವಾಗ ಗದ್ದೆಗಿಳಿಯುವ ಹಿಂಡು: ತಪ್ಪು ಕಲ್ಪನೆ ಮತ್ತು ವಾಸ್ತವ

ಸಂಕ್ರಾಂತಿಯ ಹೊತ್ತಿಗೆ ಮೈಸೂರು ಜಿಲ್ಲೆಯ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಕೂಡುತ್ತದೆ. ಕೋದಂಡರಾಮನ ಗುಡಿಯ ಆಸುಪಾಸಿನ ಬಯಲು ಎತ್ತುಗಳಿಂದ ತುಂಬುವ ಆ ದಿನಗಳಲ್ಲೇ ಸುತ್ತಲಿನ ಭತ್ತದ ಗದ್ದೆಗಳು ಒಂದೊಂದಾಗಿ ಬರಿದಾಗುತ್ತವೆ. ಕಾವೇರಿಗೆ ಕಟ್ಟಿದ ಹಳೆಯ ಅಣೆಗಳಿಂದ ಹೊರಟ ನಾಲೆಗಳು ಸಾಲಿಗ್ರಾಮ, ಕೆ.ಆರ್. ನಗರದ ಸೀಮೆಯನ್ನು ಭತ್ತದ ಕಣಜ ಮಾಡಿವೆ. ಕಟಾವು ಮುಗಿದ ಕೂಳೆ ಗದ್ದೆಯಲ್ಲಿ ಉದುರಿದ ಕಾಳು ಇರುತ್ತದೆ, ಬದುವಿನ ಮೇಲೆ ಹಸಿ ಹುಲ್ಲು ಇರುತ್ತದೆ, ತಗ್ಗಿನಲ್ಲಿ ಆರದ ಕೆಸರು ಮತ್ತು ಅದರೊಳಗೆ ಹುಳು ಇರುತ್ತವೆ. ದೇಶಾಂತರ ದಾಟಿ ಬಂದ ಹಕ್ಕಿಗಳಿಗೆ ಇದೇ ಸುಗ್ಗಿ.

ಹೊತ್ತು ಇಳಿಯುವಾಗ ದೊಡ್ಡ ಹಿಂಡೊಂದು ಮೇವಿಗೆ ಇಳಿಯುವುದನ್ನು ಕಂಡವರು ನಿಂತು ನೋಡದೆ ಇರಲಾರರು. ಆದರೆ ಆ ಹಕ್ಕಿಗಳ ಬಗ್ಗೆ ಬಾಯಿಂದ ಬಾಯಿಗೆ ಸಾಗಿ ಬಂದ ಮಾತುಗಳಲ್ಲಿ ಅರ್ಧ ಸತ್ಯಗಳೇ ಹೆಚ್ಚು. ಹಕ್ಕಿಗೆ ಏನು ಬೇಕು ಎಂಬುದನ್ನು ತಪ್ಪು ತಿಳಿದರೆ, ಅದಕ್ಕೆ ಬೇಡವಾದದ್ದನ್ನು ಉಳಿಸಿ ಬೇಕಾದದ್ದನ್ನು ಕಳೆದುಬಿಡುತ್ತೇವೆ. ಹಾಗಾಗಿ ಈ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಒಳ್ಳೆಯದು.

ತಪ್ಪು ಕಲ್ಪನೆ 1: ಸಂಜೆಯ ಆಕಾಶದಲ್ಲಿ ಕಾಣುವ ದೊಡ್ಡ ಹಿಂಡೆಲ್ಲ ವಲಸೆ ಹಕ್ಕಿಗಳದ್ದೇ.

ವಾಸ್ತವ: ಕಾವೇರಿಯ ಗುಂಟ ಸಂಜೆ ಸಾಲುಗಟ್ಟಿ ಹೋಗುವ ಬಿಳಿಯ ಹಿಂಡು ಬಹುಮಟ್ಟಿಗೆ ಬೆಳ್ಳಕ್ಕಿಗಳದ್ದು. ಜೊತೆಗೆ ನೀರುಕಾಗೆ, ಕೆಂಬರಲು, ಬಾಯ್ಕಳಕಗಳೂ ಇರಬಹುದು. ಇವು ಈ ನೆಲದ ಹಕ್ಕಿಗಳು. ಹಗಲೆಲ್ಲ ಗದ್ದೆ, ಕೆರೆಗಳಲ್ಲಿ ಮೇದು, ಸಂಜೆ ನದಿಯ ನಡುಗಡ್ಡೆಯ ಮರಗಳಿಗೆ ಮಲಗಲು ಹೋಗುತ್ತಿರುತ್ತವೆ. ರಂಗನತಿಟ್ಟಿನಲ್ಲೂ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲೂ ಗೂಡು ಕಟ್ಟುವ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳನ್ನು ಹಲವರು ವಿದೇಶದವು ಎಂದು ನಂಬಿದ್ದಾರೆ. ಅವು ಮೇವು, ನೀರು ಹುಡುಕಿ ನಾಡಿನೊಳಗೆ ದೂರ ದೂರ ಅಲೆಯುವುದು ನಿಜ. ಆದರೆ ಮೊಟ್ಟೆ ಇಟ್ಟು ಮರಿ ಮಾಡುವುದು ಇಲ್ಲಿಯೇ.

ಹೊರದೇಶಗಳಿಂದ ಚಳಿಗಾಲಕ್ಕೆ ಬರುವವುಗಳ ಪಟ್ಟಿ ಬೇರೆ. ಗದ್ದೆಯ ಮೇಲೆ ಹಾರುತ್ತಲೇ ಹುಳು ಹಿಡಿಯುವ ಕವಲುತೋಕೆ, ಬದುವಿನ ಮೇಲೆ ಬಾಲ ಕುಣಿಸುವ ಹಳದಿ ಸಿಪಿಲೆ, ಕೆರೆಗಿಳಿಯುವ ಸೂಜಿಬಾಲದ ಬಾತು, ಕೆಸರು ಕೆದಕುವ ಪುಟ್ಟ ಗದ್ದೆಗೊರವಗಳು, ಮೋಡದಂತೆ ತಿರುಗುವ ಗುಲಾಬಿ ಕಬ್ಬಕ್ಕಿ. ಇವೆಲ್ಲಕ್ಕಿಂತ ಎದ್ದು ಕಾಣುವುದು ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, 2ರಿಂದ 3 ಕಿಲೋ ತೂಕ. ಮೈಸೂರು ಜಿಲ್ಲೆಯಲ್ಲಿ ಇವುಗಳ ದೊಡ್ಡ ಹಿಂಡಿಗೆ ಹೆಸರಾದದ್ದು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆ. ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನ ಅಂಚಿನಲ್ಲೂ ಕಾಣಸಿಗುತ್ತವೆ.

ಗುರುತಿಸಲು ಒಂದು ಸುಲಭದ ದಾರಿ ಇದೆ. ಹಿಂಡು ಮರದ ಕಡೆಗೆ ಹೋಗುತ್ತಿದ್ದರೆ ಅದು ಮಲಗಲು ಹೊರಟದ್ದು, ಹೆಚ್ಚಾಗಿ ಊರಿನದ್ದೇ. ಬೆಳಕು ಆರುತ್ತಿರುವಾಗ ನೀರು ಬಿಟ್ಟೆದ್ದು ಬಯಲಿನ ಕಡೆಗೆ ಹೊರಟಿದ್ದರೆ ಹೆಬ್ಬಾತು ಅಥವಾ ಬಾತು ಮೇವಿಗೆ ಹೊರಟಿದೆ ಎಂದು ತಿಳಿಯಬಹುದು.

ತಪ್ಪು ಕಲ್ಪನೆ 2: ಇವೆಲ್ಲ ಸೈಬೀರಿಯದಿಂದ ಬಂದವು.

ವಾಸ್ತವ: ಬಯಲಿನಲ್ಲಿ ಅಪರಿಚಿತ ಹಕ್ಕಿ ಕಂಡರೆ ‘ಸೈಬೀರಿಯಾ ಹಕ್ಕಿ’ ಎನ್ನುವುದು ರೂಢಿಯಾಗಿದೆ. ರಾಜಸ್ಥಾನದ ಭರತಪುರಕ್ಕೆ ಬರುತ್ತಿದ್ದ ಸೈಬೀರಿಯದ ಬಿಳಿ ಕ್ರೌಂಚಗಳ ಖ್ಯಾತಿಗೆ ಇದರಲ್ಲಿ ದೊಡ್ಡ ಪಾಲಿರಬೇಕು. ಆ ಕ್ರೌಂಚಗಳು 2002ರ ನಂತರ ಅಲ್ಲಿಗೆ ಬರುವುದೇ ನಿಂತುಹೋಯಿತು; ಹೆಸರು ಮಾತ್ರ ಉಳಿದ ಎಲ್ಲ ಹಕ್ಕಿಗಳಿಗೂ ಅಂಟಿಕೊಂಡಿತು.

ಕೆಲವು ಬಾತುಗಳೂ ಕೆಸರು ಹಕ್ಕಿಗಳೂ ನಿಜವಾಗಿ ಸೈಬೀರಿಯದವೇ. ಆದರೆ ಪಟ್ಟೆತಲೆ ಹೆಬ್ಬಾತು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಪ್ರಸ್ಥಭೂಮಿ ಮತ್ತು ನಮ್ಮ ಲಡಾಖಿನ ಎತ್ತರದ ಸರೋವರಗಳಲ್ಲಿ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಅಕ್ಷರ, ಅಂಕಿ ಬರೆದ ಕತ್ತುಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳನ್ನು ಹದಿನಾರು ಕೆರೆಯಲ್ಲಿ ಪಕ್ಷಿವೀಕ್ಷಕರು ಗುರುತಿಸಿದ್ದಾರೆ. ನೇರ ಗೆರೆ ಎಳೆದರೂ ಆ ದೂರ 4,000 ಕಿಲೋಮೀಟರಿಗೆ ಮೀರುತ್ತದೆ. ಗುಲಾಬಿ ಕಬ್ಬಕ್ಕಿಯ ಊರು ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಪೂರ್ವ ಯುರೋಪಿನವರೆಗೆ ಹರಡಿದೆ. ಸುಮಾರು 20 ಗ್ರಾಂ ತೂಗುವ ಕವಲುತೋಕೆ ಹಿಮಾಲಯದಿಂದಲೂ ಅದರಾಚೆಯಿಂದಲೂ ಬರುತ್ತದೆ. ಒಂದೇ ಗದ್ದೆಯ ಮೇಲೆ ಒಂದೇ ಸಂಜೆ ಸೇರಿದ ಹಿಂಡುಗಳಿಗೆ ಹೀಗೆ ಹತ್ತು ದೇಶಗಳ ನಂಟು. ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕಟ್ಟಿದರೆ, ಯಾವ ಹಕ್ಕಿ ಯಾವ ದೇಶದಲ್ಲಿ ಯಾಕೆ ಕಡಿಮೆಯಾಯಿತು ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ತಪ್ಪು ಕಲ್ಪನೆ 3: ಚಳಿ ತಾಳಲಾರದೆ ಬೆಚ್ಚನೆಯ ಜಾಗ ಹುಡುಕಿ ಬರುತ್ತವೆ.

ವಾಸ್ತವ: ಮೈತುಂಬ ದಪ್ಪ ಗರಿ, ಅದರಡಿಯಲ್ಲಿ ಮೆತ್ತನೆಯ ತುಪ್ಪುಳು ಇರುವ ಹೆಬ್ಬಾತಿಗೆ ಚಳಿ ದೊಡ್ಡ ಸಂಗತಿಯಲ್ಲ. ಅದನ್ನು ಹೊರಡಿಸುವುದು ಹಸಿವು. ಸರೋವರ ಹೆಪ್ಪುಗಟ್ಟುತ್ತದೆ, ಹುಲ್ಲು ಹಿಮದಡಿ ಹೂತುಹೋಗುತ್ತದೆ, ಹಗಲು ಕಿರಿದಾಗುತ್ತದೆ. ಹುಳು ತಿನ್ನುವ ಹಕ್ಕಿಗಳಿಗಂತೂ ಆ ನೆಲದಲ್ಲಿ ತಿನ್ನಲು ಏನೂ ಉಳಿಯುವುದಿಲ್ಲ. ಅಂದರೆ ಅವು ಇಲ್ಲಿಗೆ ಬರುವುದು ಊಟಕ್ಕೆ. ಈ ಒಂದು ಸಂಗತಿ ಮನಸ್ಸಿನಲ್ಲಿ ನಿಂತರೆ ಮುಂದಿನ ಅನೇಕ ತಪ್ಪುಗಳು ತಾವಾಗಿಯೇ ಕಳಚುತ್ತವೆ. ಬಿಸಿಲು, ಬಯಲು ಇದ್ದ ಮಾತ್ರಕ್ಕೆ ಹಕ್ಕಿ ಬರುವುದಿಲ್ಲ. ಮೇವು ತಪ್ಪಿದ ವರ್ಷ ಅದು ಬೇರೆ ಕೆರೆ ನೋಡಿಕೊಳ್ಳುತ್ತದೆ.

ತಪ್ಪು ಕಲ್ಪನೆ 4: ಹೆಬ್ಬಾತುಗಳು ಗಾಳಿಯ ಬೆನ್ನೇರಿ ಎವರೆಸ್ಟಿನ ಮೇಲಿಂದ ಆರಾಮವಾಗಿ ದಾಟಿ ಬರುತ್ತವೆ.

ವಾಸ್ತವ: ಇದರಲ್ಲಿ ಆರಾಮ ಎಂಬುದು ಏನೂ ಇಲ್ಲ. ಉಪಗ್ರಹ ಸಾಧನ ಕಟ್ಟಿ ಮಾಡಿದ ಅಧ್ಯಯನಗಳಲ್ಲಿ ದಾಖಲಾದ ಗರಿಷ್ಠ ಎತ್ತರ ಸುಮಾರು 7,290 ಮೀಟರ್. ಎವರೆಸ್ಟಿನ ಎತ್ತರ ಇದಕ್ಕಿಂತ ಒಂದೂವರೆ ಸಾವಿರ ಮೀಟರ್ ಹೆಚ್ಚು. ಹೆಬ್ಬಾತುಗಳು ಹೆಚ್ಚಿನ ದಾರಿಯನ್ನು ಕಣಿವೆ, ಕಣಿವೆಬಾಯಿಗಳ ಮೂಲಕ ಇನ್ನೂ ಕಡಿಮೆ ಎತ್ತರದಲ್ಲೇ ಸಾಗುತ್ತವೆ. 2011ರಲ್ಲಿ ಪ್ರಕಟವಾದ ಸಂಶೋಧನೆ, ಅವು ಮಧ್ಯಾಹ್ನ ಕಣಿವೆಯಿಂದ ಮೇಲಕ್ಕೆ ಬೀಸುವ ಗಾಳಿಗೆ ಕಾಯದೆ, ಗಾಳಿ ಶಾಂತವಾಗಿರುವ ರಾತ್ರಿ ಮತ್ತು ಮುಂಜಾನೆಯಲ್ಲಿ ಸ್ವಂತ ರೆಕ್ಕೆಬಲದಿಂದಲೇ ಹಿಮಾಲಯ ಏರುತ್ತವೆ ಎಂದು ತೋರಿಸಿತು. 2015ರ ಇನ್ನೊಂದು ಅಧ್ಯಯನದ ಪ್ರಕಾರ ಅವು ಮೇಲೇರಿದ ಎತ್ತರವನ್ನು ಹಿಡಿದಿಟ್ಟುಕೊಳ್ಳದೆ, ಗುಡ್ಡ ಬಂದಲ್ಲಿ ಏರಿ, ಕಣಿವೆ ಬಂದಲ್ಲಿ ಇಳಿಯುತ್ತವೆ. ತೆಳು ಗಾಳಿಯಲ್ಲಿ ರೆಕ್ಕೆ ಬಡಿಯುವುದಕ್ಕಿಂತ ಮತ್ತೆ ಮತ್ತೆ ಏರುವುದೇ ಅವುಗಳಿಗೆ ಅಗ್ಗ. ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲ ಹಿಮೋಗ್ಲೋಬಿನ್ ಅವುಗಳ ನೆರವಿಗಿದೆ. ಹಾಗಿದ್ದೂ ಪ್ರತಿ ಏರಿಕೆಗೆ ಕೊಬ್ಬು ಕರಗುತ್ತದೆ. ಮಾರ್ಚಿನಲ್ಲಿ ಹಿಂತಿರುಗುವಾಗ ಉರಿಸಬೇಕಾದ ಆ ಕೊಬ್ಬನ್ನು ಅವು ಕೂಡಿಡಲು ಮೊದಲು ಮಾಡುವುದು ನಮ್ಮ ಕೂಳೆ ಗದ್ದೆಗಳಲ್ಲಿ, ಕೆರೆಯ ಅಂಚಿನ ಹುಲ್ಲಿನಲ್ಲಿ.

ತಪ್ಪು ಕಲ್ಪನೆ 5: ಹಕ್ಕಿ ಹಗಲು ಮೇಯುತ್ತದೆ, ಸಂಜೆ ಗೂಡು ಸೇರುತ್ತದೆ.

ವಾಸ್ತವ: ಮೊದಲಿಗೆ, ಗೂಡು ಮಲಗುವ ಮನೆಯಲ್ಲ, ಅದು ಮೊಟ್ಟೆ, ಮರಿಗಳಿಗಾಗಿ ಕಟ್ಟಿದ್ದು. ಚಳಿಗಾಲಕ್ಕೆ ಬಂದ ಹಕ್ಕಿಗಳಿಗೆ ಇಲ್ಲಿ ಗೂಡೇ ಇರುವುದಿಲ್ಲ. ಎರಡನೆಯದಾಗಿ, ಹೆಬ್ಬಾತುಗಳ ದಿನಚರಿ ನಾವು ಅಂದುಕೊಂಡದ್ದರ ತಿರುವುಮುರುವು. ಹಗಲಿನಲ್ಲಿ ಕೆರೆಯ ನಡುವೆಯೋ ತೆರೆದ ಅಂಗಳದಲ್ಲೋ ಗುಂಪಾಗಿ ನಿಂತು, ಕತ್ತನ್ನು ಬೆನ್ನಿಗೆ ತಿರುಗಿಸಿ ನಿದ್ದೆ ತೆಗೆಯುತ್ತವೆ. ಹೊತ್ತು ಮುಳುಗುವಾಗ ಒಂದೆರಡು ಕೂಗು ಏಳುತ್ತದೆ, ಕೂಗು ಹಿಂಡಿಡೀ ಹರಡುತ್ತದೆ, ಒಂದು ಸಂಸಾರ ಏಳುತ್ತದೆ, ಹಿಂದೆಯೇ ಇನ್ನೊಂದು. ಹೋದ ಬೇಸಿಗೆಯ ಮರಿಗಳು ಈ ಮೊದಲ ಚಳಿಗಾಲವಿಡೀ ಅಪ್ಪ ಅಮ್ಮನ ಜೊತೆಯಲ್ಲೇ ಇರುವುದರಿಂದ ದೊಡ್ಡ ಹಿಂಡು ನಿಜಕ್ಕೂ ಅನೇಕ ಸಂಸಾರಗಳ ಕೂಟ. ಗದ್ದೆಯ ಮೇಲೆ ಸುತ್ತು ಹಾಕಿ, ನೆಲ ನಿಶ್ಚಿಂತೆ ಅನ್ನಿಸಿದ ಮೇಲೆ ಇಳಿದು, ಇರುಳಲ್ಲಿ ಮೇದು, ಬೆಳಗಿನ ಹೊತ್ತಿಗೆ ನೀರಿಗೆ ಮರಳುತ್ತವೆ. ಸೂಜಿಬಾಲದ ಬಾತಿನಂಥ ಎಷ್ಟೋ ಬಾತುಗಳದ್ದೂ ಇದೇ ಪದ್ಧತಿ.

ಇರುಳನ್ನೇ ಯಾಕೆ ಆರಿಸಿಕೊಳ್ಳುತ್ತವೆ? ಹಗಲಿನ ಗದ್ದೆಯಲ್ಲಿ ಆಳುಕಾಳು, ದನ, ನಾಯಿ, ಟ್ರ್ಯಾಕ್ಟರ್ ಓಡಾಡುತ್ತವೆ. ಮೇಲೆ ಹದ್ದು, ಗಿಡುಗಗಳ ಕಣ್ಣಿರುತ್ತದೆ. ಕತ್ತಲಿಳಿದಂತೆ ಈ ಎರಡೂ ಕಾಟ ತಗ್ಗುತ್ತವೆ. ಇನ್ನೊಂದು ಕಾರಣ ಹೊಟ್ಟೆಯದ್ದು. ಹೆಬ್ಬಾತು ಹುಲ್ಲು ತಿಂದರೂ ಹಸುವಿನಂತೆ ಮೆಲುಕು ಹಾಕಿ ಸಾರ ಹಿಂಡಿಕೊಳ್ಳಲಾರದು. ತಿಂದದ್ದು ಬೇಗ ಹೊರಹೋಗುತ್ತದೆ, ದಕ್ಕುವುದು ಸ್ವಲ್ಪ. ಹಾಗಾಗಿ ಬಹಳ ಹೊತ್ತು ಎಡೆಬಿಡದೆ ಮೇಯಲೇಬೇಕು. ಸಂಜೆಯ ಮೊದಲ ಗಂಟೆಯಲ್ಲಿ ಬೆದರಿಸಿ ಎಬ್ಬಿಸಿದರೆ ಊಟದ ಹೊತ್ತೂ ಹೋಯಿತು, ಹಾರಲು ಉರಿಸಿದ ಕೊಬ್ಬೂ ಹೋಯಿತು.

ಸಣ್ಣ ಹಕ್ಕಿಗಳ ಲೆಕ್ಕ ಬೇರೆ. ನಾಲೆ, ಗದ್ದೆಗಳ ಮೇಲೆ ಸೊಳ್ಳೆ, ನುಸಿಗಳು ಮೋಡಗಟ್ಟಿ ಏಳುವುದೇ ಮುಸ್ಸಂಜೆಯಲ್ಲಿ. ಕವಲುತೋಕೆಗಳು ಕೊನೆಯ ಬೆಳಕಿನವರೆಗೂ ಅವನ್ನು ಹಿಡಿದು, ಕತ್ತಲಾಗುತ್ತಿದ್ದಂತೆ ಜೊಂಡಿನೊಳಗೆ, ಕಬ್ಬಿನ ಗದ್ದೆಯೊಳಗೆ ಒಟ್ಟಾಗಿ ಇಳಿದು ಮಲಗುತ್ತವೆ. ಹಳದಿ ಸಿಪಿಲೆಗಳೂ ಹೀಗೆಯೇ. ಚುಂಚನಕಟ್ಟೆಯ ಸುತ್ತ ಭತ್ತ, ಕಬ್ಬು ಅಕ್ಕಪಕ್ಕದಲ್ಲೇ ಬೆಳೆಯುವುದು ಇಂಥ ಹಕ್ಕಿಗಳಿಗೆ ಊಟವನ್ನೂ ಹಾಸಿಗೆಯನ್ನೂ ಒಂದೇ ಊರಿನಲ್ಲಿ ಒದಗಿಸುತ್ತದೆ.

ತಪ್ಪು ಕಲ್ಪನೆ 6: ಕೆರೆ ಉಳಿಸಿದರೆ ಸಾಕು; ಅದರಲ್ಲಿ ನೀರು ತುಂಬಿದಷ್ಟೂ ಹಕ್ಕಿಗೆ ಒಳ್ಳೆಯದು.

ವಾಸ್ತವ: ಈ ಬರಹದಲ್ಲಿ ನಾನು ಅತಿ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಹೆಬ್ಬಾತಿಗೆ ಕೆರೆ ಮಲಗುವ ತಾಣ, ಗದ್ದೆ ಊಟದ ತಾಣ. ಎರಡರಲ್ಲಿ ಒಂದು ಹೋದರೆ ಇನ್ನೊಂದರಿಂದ ಉಪಯೋಗವಿಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ ಇದಕ್ಕೆ ಕಣ್ಣೆದುರಿನ ನಿದರ್ಶನ. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಅತಿ ದೊಡ್ಡ ತಾಣಗಳಲ್ಲಿ ಅದೂ ಒಂದು. ಅಲ್ಲಿಗೆ ಪ್ರತಿ ಚಳಿಗಾಲ ಸುಮಾರು 8,000 ಹಕ್ಕಿಗಳು ಬರುತ್ತವೆ. 2024ರ ಜನವರಿಯಲ್ಲಿ ಅದು ಮಹತ್ವದ ಜೌಗುನೆಲೆಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಸುಮಾರು 50 ಹೆಕ್ಟೇರಿನ ಆ ಕೆರೆಯ ಒಡಲಲ್ಲಿ ಅಷ್ಟು ಹೆಬ್ಬಾತುಗಳ ಹೊಟ್ಟೆ ತುಂಬುವುದಿಲ್ಲ. ಹಗಲು ಕೆರೆಯಲ್ಲಿ ತಂಗುವ ಹಿಂಡು ಮೇಯುವುದು ಸುತ್ತಲಿನ ರೈತರ ಹೊಲಗಳಲ್ಲಿ. ಫಲಕ ನೆಟ್ಟ ಗಡಿಯೊಳಗೆ ಹಕ್ಕಿಯ ಬದುಕಿನ ಅರ್ಧ ಮಾತ್ರ ಇದೆ. ಉಳಿದರ್ಧ ಪಹಣಿಯಲ್ಲಿ ರೈತನ ಹೆಸರಿರುವ ನೆಲದಲ್ಲಿದೆ.

ನೀರಿನ ಮಟ್ಟದ ವಿಷಯವೂ ಹಾಗೆಯೇ. ಕೆ.ಆರ್.ಎಸ್. ಜಲಾಶಯ 124.80 ಅಡಿ ತುಂಬಿದಾಗ ನಮಗೆ ಹಬ್ಬ. ಹಕ್ಕಿಗಳ ದೃಷ್ಟಿಯಲ್ಲಿ ಆಗ ಸಾಗರಕಟ್ಟೆಯ ಕಡೆಯ ಹಿನ್ನೀರಿನ ಅಂಚು ಆಳದಲ್ಲಿ ಮುಳುಗಿರುತ್ತದೆ. ಕೆಸರು ಹಕ್ಕಿಗೆ ಕಾಲೂರಲು ಒಂದೆರಡು ಅಂಗುಲ ನೀರು ಸಾಕು, ಬಾತಿಗೆ ತಲೆ ಮುಳುಗಿಸಿದರೆ ತಳ ಸಿಗಬೇಕು, ಹೆಬ್ಬಾತಿಗೆ ನೀರಿನ ಬದಿಯ ಎಳೆ ಹುಲ್ಲು ಬೇಕು. ಚಳಿಗಾಲ ಮುಗಿಯುತ್ತ ನೀರು ಹಿಂಜರಿದಂತೆ ಈ ಅಂಚುಗಳು ತೆರೆದುಕೊಳ್ಳುತ್ತವೆ. ಕಬಿನಿ ಹಿನ್ನೀರು ಇಳಿದಾಗ ಚಿಗುರುವ ಹುಲ್ಲಿಗೆ ಆನೆಗಳ ಹಿಂಡು ಬರುವುದು ಎಲ್ಲರಿಗೂ ಗೊತ್ತು. ಅಂಥ ಹುಲ್ಲೇ ಹೆಬ್ಬಾತಿಗೂ ಮೇವು. ಆದ್ದರಿಂದ ಕೆರೆಯ ಅಂಗಳವನ್ನು ಬಟ್ಟಲಿನ ಹಾಗೆ ಕಡಿದಾಗಿ ತೋಡಿ, ಸುತ್ತ ಕಲ್ಲು ಕಟ್ಟಿ, ನಡಿಗೆ ದಾರಿ ಮಾಡಿ ‘ಅಭಿವೃದ್ಧಿ’ ಎಂದಾಗ ನೀರು ಉಳಿಯಬಹುದು, ಹಕ್ಕಿಗಳು ಉಳಿಯಲಾರವು. ಇಳಿಜಾರಾದ, ಹುಲ್ಲು ಬೆಳೆಯುವ, ಕೆಸರು ಕಾಣುವ ಅಂಚು ಪಾಳಲ್ಲ. ಅದೇ ಅವುಗಳ ಪಂಕ್ತಿ.

ತಪ್ಪು ಕಲ್ಪನೆ 7: ಹಿಂಡು ಇಳಿದರೆ ಬೆಳೆ ಮುಗಿಯಿತು.

ವಾಸ್ತವ: ಹಾನಿಯೇ ಇಲ್ಲ ಎಂದು ಹೇಳಿದರೆ ರೈತನಿಗೆ ಅನ್ಯಾಯ. ಹೆಬ್ಬಾತುಗಳು ಎಳೆಯ ದ್ವಿದಳ ಬೆಳೆಯನ್ನೂ ಹಸಿ ಪೈರನ್ನೂ ಮೇಯುತ್ತವೆ. ಗುಲಾಬಿ ಕಬ್ಬಕ್ಕಿ ಉತ್ತರ ಕರ್ನಾಟಕದ ಜೋಳದ ತೆನೆಗೆ ಮುತ್ತುವುದು ಹಳೆಯ ಸಂಗತಿ. ಅಂಥ ನಷ್ಟಕ್ಕೆ ಪರಿಹಾರ ಸಿಗಬೇಕು. ಹಕ್ಕಿ ಇಡೀ ಲೋಕದ್ದು ಎಂದು ಹೆಮ್ಮೆಪಟ್ಟು, ಅದರ ಊಟದ ಖರ್ಚನ್ನು ಕೆರೆಯ ಪಕ್ಕದ ನಾಲ್ಕು ಜನ ರೈತರ ತಲೆಗೆ ಕಟ್ಟುವುದು ಧರ್ಮವಲ್ಲ.

ಆದರೆ ಕಟಾವಾದ ಗದ್ದೆಯಲ್ಲಿ ಹಿಂಡು ಆಯುವುದು ನಾವು ಬಿಟ್ಟುಹೋದ ಕಾಳನ್ನು, ಕಳೆಯನ್ನು, ಕಳೆಯ ಬೀಜವನ್ನು. ಬಿದ್ದ ಹಿಕ್ಕೆ ಗೊಬ್ಬರವಾಗುತ್ತದೆ. ಕವಲುತೋಕೆ, ಸಿಪಿಲೆಗಳು ಭತ್ತದ ಕಾಳನ್ನು ಮುಟ್ಟುವುದೇ ಇಲ್ಲ. ಅವು ತಿನ್ನುವುದು ಹುಳು ಮಾತ್ರ. ಚಳಿಗಾಲದಲ್ಲಿ ಬಯಲಿನ ಮೇಲೆ ತಗ್ಗಿ ತಗ್ಗಿ ಹಾರುವ ಸೆಳೆವ ಎಂಬ ಬೇಟೆಹಕ್ಕಿ ಗದ್ದೆಯ ಇಲಿಗಳನ್ನೂ ಹಿಡಿಯುತ್ತದೆ. ತೆನೆಗಳ್ಳ ಎನಿಸಿಕೊಂಡ ಗುಲಾಬಿ ಕಬ್ಬಕ್ಕಿಗೂ ಇನ್ನೊಂದು ಮುಖವಿದೆ: ಚೀನಾದ ಶಿಂಜಿಯಾಂಗ್ ಪ್ರದೇಶದಲ್ಲಿ ಮಿಡತೆ ಹತೋಟಿಗಾಗಿ, ಈ ಹಕ್ಕಿಗಳು ಗೂಡಿಡಲೆಂದೇ ಜನ ನೆಲೆಗಳನ್ನು ಕಟ್ಟಿಕೊಟ್ಟಿದ್ದಾರೆ. ಆದ್ದರಿಂದ ಯಾವ ಹಕ್ಕಿ, ಯಾವ ಬೆಳೆ, ಯಾವ ತಿಂಗಳು ಎಂದು ಕೇಳದೆ ಶತ್ರು ಎನ್ನುವುದೂ ತಪ್ಪು, ಮಿತ್ರ ಎನ್ನುವುದೂ ತಪ್ಪು. ಕಾಳಿಗೆ ವಿಷ ಬೆರೆಸಿ ಚೆಲ್ಲುವುದಂತೂ ಯಾವ ನಷ್ಟಕ್ಕೂ ಉತ್ತರವಲ್ಲ. ಆ ವಿಷ ಕೋಳಿಗೂ ನವಿಲಿಗೂ ನಾಯಿಗೂ ನೀರಿಗೂ ತಲುಪುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವಿಷವಿಡುವುದೂ ಬಲೆ ಒಡ್ಡುವುದೂ ಬೇಟೆಯೇ, ಶಿಕ್ಷೆಗೆ ಗುರಿಯಾಗುವ ಅಪರಾಧವೇ.

ತಪ್ಪು ಕಲ್ಪನೆ 8: ವಲಸೆ ಹಕ್ಕಿ ಬಂದರೆ ಹಕ್ಕಿಜ್ವರ ಬಂದಂತೆಯೇ.

ವಾಸ್ತವ: ಕಾಡುಹಕ್ಕಿಗಳು ವೈರಸ್ ಹೊತ್ತು ಸಾಗಬಲ್ಲವು ಎಂಬುದು ನಿಜ. ಆದರೆ ಇಂದಿನ ಮಾರಕ ಎಚ್5ಎನ್1 ತಳಿ ಮೊದಲು ಪತ್ತೆಯಾದದ್ದು 1996ರಲ್ಲಿ, ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಸಾಕು ಹೆಬ್ಬಾತುಗಳಲ್ಲಿ. 2005ರಲ್ಲಿ ಅದು ಚೀನಾದ ಚಿಂಗ್‌ಹಾಯ್ ಸರೋವರಕ್ಕೆ ತಲುಪಿದಾಗ ಸಾವಿರಾರು ಕಾಡುಹಕ್ಕಿಗಳು ಸತ್ತವು. ಸತ್ತವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳೇ. ರೋಗ ಹರಡಿದವು ಎಂದು ನಾವು ಬೊಟ್ಟು ಮಾಡುವ ಹಕ್ಕಿಗಳೇ ಆ ರೋಗದ ದೊಡ್ಡ ಬಲಿಗಳೂ ಹೌದು. ದೂರದಿಂದ ಹಿಂಡು ನೋಡುವುದರಿಂದ ಯಾರಿಗೂ ರೋಗ ಬರುವುದಿಲ್ಲ. ಪಾಲಿಸಬೇಕಾದ ನಿಯಮಗಳು ಸರಳ: ಸತ್ತ ಅಥವಾ ತೂಕಡಿಸುವ ಹಕ್ಕಿಯನ್ನು ಮುಟ್ಟಬಾರದು, ಪಶುಪಾಲನಾ ಇಲಾಖೆಗೂ ಅರಣ್ಯ ಇಲಾಖೆಗೂ ತಿಳಿಸಬೇಕು, ಸಾಕಿದ ಕೋಳಿ, ಬಾತುಗಳನ್ನು ಕಾಡುಹಕ್ಕಿ ಸೇರುವ ನೀರಿಗೆ ಬಿಡಬಾರದು.

ತಪ್ಪು ಕಲ್ಪನೆ 9: ನೋಡುವುದರಿಂದ ಹಕ್ಕಿಗೆ ಏನು ಹಾನಿ?

ವಾಸ್ತವ: ದೂರದಲ್ಲಿ ಸುಮ್ಮನೆ ಕೂತು ನೋಡುವವರಿಂದ ಹಾನಿಯಿಲ್ಲ. ಹಾನಿ ಇರುವುದು ಹಿಂಡು ಏಳುವ ಚಿತ್ರಕ್ಕಾಗಿ ಚಪ್ಪಾಳೆ ತಟ್ಟುವುದರಲ್ಲಿ, ಡ್ರೋನ್ ಹಾರಿಸುವುದರಲ್ಲಿ, ಗದ್ದೆಗೆ ವಾಹನದ ದೀಪ ಬಿಡುವುದರಲ್ಲಿ. ಮೇಲಿನಿಂದ ಬರುವ ಡ್ರೋನ್ ಹಿಂಡಿನ ಕಣ್ಣಿಗೆ ಬೇಟೆಹಕ್ಕಿಯಾಗಿ ಕಾಣಬಹುದು. ಮಬ್ಬಿನಲ್ಲಿ ದಿಕ್ಕೆಟ್ಟು ಎದ್ದ ಭಾರದ ಹಕ್ಕಿ ವಿದ್ಯುತ್ ತಂತಿಗೆ ಬಡಿದು ಸಾಯುವ ಅಪಾಯವೂ ಇದೆ. ಸಂಜೆ ಐದರ ಹೊತ್ತಿಗೆ ಏರಿಯ ಮೇಲೋ ನಾಲೆಯ ದಂಡೆಯ ಮರೆಯಲ್ಲೋ ಜಾಗ ಹಿಡಿದು, ಮಂಕು ಬಣ್ಣದ ಬಟ್ಟೆ ತೊಟ್ಟು, ದುರ್ಬೀನಿನಲ್ಲಿ ನೋಡಿ, ಹಕ್ಕಿ ಇಳಿದ ಗದ್ದೆಗೆ ಕಾಲಿಡದೆ ಬರುವುದು ಸರಿಯಾದ ಕ್ರಮ. ಹಿಂಡಿನ ಕತ್ತುಗಳೆಲ್ಲ ಒಟ್ಟಿಗೆ ನೆಟ್ಟಗಾದರೆ ನಾವು ಹೆಚ್ಚು ಹತ್ತಿರ ಹೋಗಿದ್ದೇವೆ ಎಂದೇ ಅರ್ಥ. ಅಲ್ಲಿಂದ ಹಿಂದೆ ಸರಿಯಬೇಕು. ಬೇರೆಯವರ ಗದ್ದೆಯ ಬದುವಿಗೆ ಹೋಗುವ ಮುನ್ನ ಆ ಮನೆಯವರನ್ನು ಕೇಳುವುದೂ ಈ ಕ್ರಮದ ಭಾಗ.

ತಪ್ಪು ಕಲ್ಪನೆ 10: ಇವು ನಾಲ್ಕು ದಿನದ ಅತಿಥಿಗಳು, ಇವುಗಳ ಕಾಳಜಿ ಅರಣ್ಯ ಇಲಾಖೆಯ ಕೆಲಸ.

ವಾಸ್ತವ: ಹೆಬ್ಬಾತು ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚಿನವರೆಗೆ ನಮ್ಮ ಸೀಮೆಯಲ್ಲಿ ಇರುತ್ತದೆ. ಕವಲುತೋಕೆ, ಸಿಪಿಲೆಗಳು ಅದಕ್ಕೂ ಮುಂಚೆ ಬಂದು ತಡವಾಗಿ ಹೋಗುತ್ತವೆ. ವರ್ಷದ ಅರ್ಧದ ಹತ್ತಿರ ಇಲ್ಲಿ ಕಳೆಯುವ ಜೀವಕ್ಕೆ ಈ ನೆಲವೂ ಊರೇ. ಇಲ್ಲಿನ ಊಟ ಕೆಟ್ಟರೆ ಅದರ ಫಲ ಮಂಗೋಲಿಯಾದ ಸರೋವರದ ದಂಡೆಯಲ್ಲಿ ಮೊಟ್ಟೆಗಳ ಲೆಕ್ಕದಲ್ಲಿ ತೋರುತ್ತದೆ.

ಇಲಾಖೆ ಕೆರೆಯನ್ನು ಕಾಯಬಹುದು. ಸಾವಿರಾರು ಹಿಡುವಳಿಗಳ ಗದ್ದೆಯನ್ನು ಕಾಯಲಾರದು. ಆ ಕೆಲಸಕ್ಕೆ ಊರಿನ ಕೈಯಲ್ಲೇ ಒಂದು ಸಾಧನವಿದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವಸಂಪತ್ತನ್ನು ದಾಖಲಿಸುವ ಜನತಾ ಜೀವವೈವಿಧ್ಯ ದಾಖಲೆ ಇಡಬೇಕು. ಚುಂಚನಕಟ್ಟೆ, ಸಾಲಿಗ್ರಾಮ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಕಡೆಯ ಪಂಚಾಯಿತಿಗಳು ಆ ದಾಖಲೆಯಲ್ಲಿ ಕೆರೆಯ ಹೆಸರಿನ ಜೊತೆಗೆ ಹಿಂಡು ಯಾವ ಬಯಲಿಗೆ, ಯಾವ ತಿಂಗಳು, ಯಾವ ಹೊತ್ತಿಗೆ ಮೇವಿಗೆ ಇಳಿಯುತ್ತದೆ ಎಂಬುದನ್ನೂ ಬರೆಸಬೇಕು. ಪ್ರತಿ ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿ ಗಣತಿ ನಡೆಯುತ್ತದೆ. ಆಗ ಊರಿನ ಶಾಲೆಯ ಮಕ್ಕಳನ್ನೂ ಏರಿಯ ಮೇಲೆ ಕರೆದೊಯ್ದು ಎಣಿಸಲು ಕಲಿಸಬೇಕು. ಕಟಾವಾದ ಮೇಲೆ ಕೂಳೆಗೆ ಬೆಂಕಿ ಇಡದೆ ಕೆಲವು ವಾರ ಬಿಡುವ ರೈತನಿಗೆ ಪಂಚಾಯಿತಿ ಬೆಂಬಲವಾಗಿ ನಿಲ್ಲಬೇಕು. ಹಿಂಡು ಎಲ್ಲಿ ಉಣ್ಣುತ್ತದೆ ಎಂಬುದು ಊರಿನ ಕಾಗದದಲ್ಲಿ ಬರೆದಿದ್ದರೆ, ನಾಳೆ ಆ ಬಯಲಿಗೆ ಬಡಾವಣೆಯೋ ವಿದ್ಯುತ್ ಮಾರ್ಗವೋ ಬರುವಾಗ ಪ್ರಶ್ನೆ ಕೇಳಲು ಊರಿಗೆ ಒಂದು ಆಧಾರ ಇರುತ್ತದೆ.